ದುಡ್ಡು ಸಂಘಕ್ಕೆ, ಭೂಮಿ ಡೆವಲಪರ್ ಹೆಸರಿಗೆ: ಇಂಥದ್ದು ಅನುಭವಿಸಿದವರು ದಯವಿಟ್ಟು ಹೇಳಿ

ಪ್ರಶ್ನೆ ಕೇಳಿದವರು: ಸದಸ್ಯರೊಬ್ಬರ ಮಗಳು, ಬೆಂಗಳೂರು

ನಮ್ಮಪ್ಪ ಸರ್ಕಾರಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. 2013ರಲ್ಲಿ ನೌಕರರ ಗೃಹ ನಿರ್ಮಾಣ ಸಹಕಾರ ಸಂಘಕ್ಕೆ ಸದಸ್ಯರಾಗಿ, ಮೂವತ್ತು ನಲವತ್ತರ ಸೈಟಿಗೆ ಅಂತ ಕಂತು ಕಂತಾಗಿ ಒಂಬತ್ತೂವರೆ ಲಕ್ಷ ಕಟ್ಟಿದ್ದಾರೆ. ಭೂಮಿಗಾಗಿ ಸಂಘ ಒಬ್ಬ ಡೆವಲಪರ್ ಜೊತೆ ಕರಾರು ಮಾಡಿಕೊಂಡಿತ್ತು. ರೈತರಿಂದ ಜಮೀನು ಪಡೆದು, ಭೂ ಪರಿವರ್ತನೆ (ಕೃಷಿ ಜಮೀನನ್ನು ಮನೆ ಕಟ್ಟುವ ಜಮೀನಾಗಿ ಬದಲಿಸುವುದು) ಮಾಡಿಸಿ, ಲೇಔಟ್ ಕಟ್ಟಿ ಸಂಘಕ್ಕೆ ಬಿಟ್ಟುಕೊಡುವುದು ಅವನ ಕೆಲಸ. ಈಗ ಹೋಗಿ ನೋಡಿದರೆ ರಸ್ತೆ ಇದೆ, ಚರಂಡಿ ಇದೆ, ಕಲ್ಲು ನೆಟ್ಟಿದ್ದಾರೆ. ಆದರೆ "ಸಂಘ ಗಡುವಿಗೆ ಸರಿಯಾಗಿ ದುಡ್ಡು ಕೊಡಲಿಲ್ಲ, ಕರಾರು ರದ್ದಾಗಿದೆ, ಭೂಮಿ ನನ್ನದು" ಅಂತ ಡೆವಲಪರ್ ಹೊರಗಿನವರಿಗೆ ಸೈಟು ಮಾರುತ್ತಿದ್ದಾನೆ. ಕೇಳಿದರೆ ಸಂಘದವರು "ಮಾತುಕತೆ ನಡೀತಿದೆ, ಕೋರ್ಟಿಗೆ ಹೋದರೆ ಇಪ್ಪತ್ತು ವರ್ಷ" ಅಂತಾರೆ. ಹಿಂದೊಮ್ಮೆ ಡೆವಲಪರ್ ಕಡೆಯಿಂದ ಏನೋ ವಕೀಲರ ನೋಟಿಸ್ ಬಂದಿತ್ತಂತೆ, ಉತ್ತರ ಕೊಟ್ಟಿದ್ದೀವಿ ಅಂದರು. ಅಪ್ಪನಿಗೆ ಎಪ್ಪತ್ತನಾಲ್ಕು. ಡೆವಲಪರ್ ಮೇಲೆ ನಾವೇ ಕೇಸು ಹಾಕಬಹುದಾ? ಅಸಲಿಗೆ ಭೂಮಿ ಯಾರದು?

ಹನ್ನೊಂದು ವರ್ಷ ಇದೇ ಗೋಳು ಉಂಡ ಸದಸ್ಯ

ಮೇಡಂ, ಕೊನೆಯ ಪ್ರಶ್ನೆಯಿಂದ ಶುರು ಮಾಡ್ತೀನಿ. ಭೂಮಿ ಯಾರದು ಅನ್ನೋದನ್ನ ಸಂಘದ ಅಧ್ಯಕ್ಷರನ್ನ ಕೇಳಬೇಡಿ, ಡೆವಲಪರನ್ನೂ ಕೇಳಬೇಡಿ. ಲೇಔಟ್ ಯಾವ ಯಾವ ಸರ್ವೆ ನಂಬರಿನಲ್ಲಿದೆ ಅಂತ ಪಟ್ಟಿ ಹಿಡಿದು, ಒಂದೊಂದು ನಂಬರಿಗೂ ಪಹಣಿ (ಜಮೀನಿನ ಹಕ್ಕು ದಾಖಲೆ) ಮತ್ತು ಇಸಿ (ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ತೆಗೆಸಿ. ನಮ್ಮಲ್ಲಿ ಈ ಕೆಲಸ ಮಾಡೋಕೆ ಆರು ವರ್ಷ ಹಿಡಿಯಿತು. ದುಡ್ಡಿಲ್ಲ ಅಂತಲ್ಲ, ಯಾರಿಗೂ ಹೊಳೆಯಲೇ ಇಲ್ಲ. ಪ್ರತಿ ವರ್ಷ ಸರ್ವಸದಸ್ಯರ ಸಭೆಯಲ್ಲಿ ಬಣ್ಣದ ನಕ್ಷೆ ತೋರಿಸೋರು, ಕರಾರಿನ ಪ್ರತಿ ಎತ್ತಿ ಹಿಡಿಯೋರು, ನಾವು ಚಪ್ಪಾಳೆ ತಟ್ಟಿ ಬರುತ್ತಿದ್ದೆವು. "ಕ್ರಯಪತ್ರ ಎಲ್ಲಿ ಸ್ವಾಮಿ?" ಅಂತ ಒಬ್ಬನಾದರೂ ಕೇಳಿದ್ದರೆ ಆಗುತ್ತಿತ್ತು.

ಕೊನೆಗೆ ಇಸಿ ತೆಗೆಸಿದಾಗ ಗೊತ್ತಾಗಿದ್ದು ಇದು: ಒಟ್ಟು ಇಪ್ಪತ್ಮೂರು ಸರ್ವೆ ನಂಬರಿನಲ್ಲಿ ಒಂಬತ್ತು ಮಾತ್ರ ಸಂಘದ ಹೆಸರಿಗೆ ನೋಂದಣಿಯಾಗಿದ್ದವು. ಹನ್ನೊಂದನ್ನ ಡೆವಲಪರ್ ತನ್ನ ಹೆಸರಿಗೇ ಕ್ರಯ ಮಾಡಿಸಿಕೊಂಡಿದ್ದ. ಉಳಿದ ಮೂರು ಇನ್ನೂ ರೈತರ ಹೆಸರಲ್ಲೇ ಇದ್ದವು, ಡೆವಲಪರ್ ಕೈಲಿ ಬರೀ ಕರಾರು ಮತ್ತು ಜಿಪಿಎ, ಅಂದರೆ ರೈತನ ಪರವಾಗಿ ವ್ಯವಹರಿಸೋ ಅಧಿಕಾರಪತ್ರ. ಹೊರಗಿಂದ ನೋಡೋಕೆ ಒಂದೇ ಲೇಔಟ್, ಒಂದೇ ಕಮಾನು. ಒಳಗೆ ಮೂರು ಜಾತಿ ಭೂಮಿ. ಸಂಘದ ಹೆಸರಲ್ಲಿರೋದನ್ನ ಡೆವಲಪರ್ ಮಾರೋಕಾಗಲ್ಲ, ಮಾರಿದರೂ ಕೊಂಡವನಿಗೆ ಏನೂ ಬರಲ್ಲ. ಅವನ ಹೆಸರಲ್ಲಿರೋದಕ್ಕೆ ಸಂಘಕ್ಕೆ ಇರೋದು "ಕರಾರಿನ ಪ್ರಕಾರ ನನಗೆ ಬರೆದುಕೊಡು" ಅನ್ನೋ ಹಕ್ಕು ಮಾತ್ರ. ಮಾರಾಟದ ಕರಾರಿನಿಂದಲೇ ಒಡೆತನ ಬರಲ್ಲ ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮೇ ಹೇಳುತ್ತೆ. ಇನ್ನು ರೈತರ ಹೆಸರಲ್ಲಿ ಇರೋದಕ್ಕೆ ಡೆವಲಪರೂ ಮಾಲೀಕ ಅಲ್ಲ. ಜಿಪಿಎ ಮೇಲೆ ನಡೆಯೋ ಮಾರಾಟದಿಂದ ಹಕ್ಕು ವರ್ಗ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿದೆ.

ಸಂಘ ನೇರವಾಗಿ ಯಾಕೆ ಕೊಳ್ಳಲಿಲ್ಲ, ಮಧ್ಯೆ ಈ ಮನುಷ್ಯ ಯಾಕೆ ಬಂದ ಅಂತ ನಾನೂ ಕೇಳಿದ್ದೆ. ಅದಕ್ಕೆ ಕಾರಣ ಇತ್ತು. 2020ರಲ್ಲಿ ತೆಗೆದುಹಾಕೋವರೆಗೂ ಭೂಸುಧಾರಣಾ ಕಾಯ್ದೆಯ 79ಬಿ ಇತ್ತಲ್ಲ, ಅದರ ಪ್ರಕಾರ ಸಹಕಾರ ಸಂಘ ಕೃಷಿ ಜಮೀನು ಇಟ್ಟುಕೊಳ್ಳೋ ಹಾಗಿರಲಿಲ್ಲ. ಮೊದಲು ರೈತನ ಹೆಸರಲ್ಲೇ ಪರಿವರ್ತನೆ ಆಗಬೇಕು, ಆಮೇಲೆ ಸಂಘಕ್ಕೆ ಕ್ರಯ. ಆ ನಡುವಿನ ಒಂದೆರಡು ವರ್ಷ ಕಾಗದ ಪತ್ರ ಎಲ್ಲ ಡೆವಲಪರ್ ಕೈಯಲ್ಲಿ. ಕೊಂಡಾಗ ಇದ್ದ ಬೆಲೆ ಪರಿವರ್ತನೆ ಆದ ಮೇಲೆ ಎಲ್ಲಿಗೋ ಹೋಗಿರುತ್ತೆ. ಆಗ ಕರಾರು ಕಹಿ ಆಗುತ್ತೆ.

ಈಗ ಮುಖ್ಯ ವಿಷಯ. ನೀವು ಮಾತಿನ ನಡುವೆ ತೇಲಿಸಿ ಹೇಳಿದ ಆ ವಕೀಲರ ನೋಟಿಸ್ ಇದೆಯಲ್ಲ, ಅದನ್ನ ಓದಿ ನನ್ನ ಎದೆ ಧಸಕ್ ಅಂತು. ಕರಾರು ಜಾರಿ ಮಾಡಿಸಿ ಅಂತ ದಾವೆ ಹೂಡೋಕೆ ಕಾಲಮಿತಿ ಕಾಯ್ದೆಯ 54ನೇ ಅನುಚ್ಛೇದದಲ್ಲಿ ಇರೋದು ಮೂರೇ ವರ್ಷ. ಕರಾರಿನಲ್ಲಿ ತಾರೀಕು ಗೊತ್ತು ಮಾಡಿದ್ದರೆ ಆ ತಾರೀಕಿನಿಂದ. ಇಲ್ಲದಿದ್ದರೆ "ನಾನು ಬರೆದುಕೊಡಲ್ಲ" ಅಂತ ಎದುರಿನವನು ಹೇಳಿದ್ದು ನಿಮಗೆ ತಿಳಿದ ದಿನದಿಂದ. ಡೆವಲಪರ್‌ಗಳು ಆ ನೋಟಿಸ್ ಕಳಿಸೋದೇ ಗಡಿಯಾರಕ್ಕೆ ಕೀ ಕೊಡೋಕೆ. ಕಳಿಸಿದ ಮೇಲೆ ಕಾಫಿ ಕುಡಿಸಿ ಮಾತುಕತೆಗೆ ಕರೀತಾರೆ. ನಮ್ಮ ಸಂಘದವರು ನೋಟಿಸ್ ಬಂದು ಮೂರು ವರ್ಷ ಎರಡು ತಿಂಗಳಿಗೆ ಕೋರ್ಟಿಗೆ ಹೋದರು. ಹನ್ನೊಂದು ಸರ್ವೆ ನಂಬರೂ ಕೈಬಿಟ್ಟವು. ಯಾರು ಸರಿ ಯಾರು ತಪ್ಪು ಅನ್ನೋವರೆಗೆ ಕೇಸು ಬರಲೇ ಇಲ್ಲ.

ನೋಟಿಸಿನ ತಾರೀಕು ಏನು ಮೇಡಂ?

ಪ್ರಶ್ನೆ ಕೇಳಿದವರು

ಗೊತ್ತಿಲ್ಲ ಸಾರ್. ಇವತ್ತು ಫೋನ್ ಮಾಡಿ ಕೇಳಿದೆ. "ಅದು ಸಂಘದ ಗೌಪ್ಯ ದಾಖಲೆ, ನೀವು ಸದಸ್ಯರೂ ಅಲ್ಲ" ಅಂದರು ಕಾರ್ಯದರ್ಶಿ.

ಸಹಕಾರ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಳೆದವನು

ನೋಡಮ್ಮ, ನೀವು ಸದಸ್ಯರಲ್ಲ ಎಂಬುದು ಸರಿ, ಹಾಗಾಗಿ ಇನ್ನು ಮುಂದೆ ಎಲ್ಲ ಅರ್ಜಿಯೂ ನಿಮ್ಮ ತಂದೆಯವರ ಸಹಿಯಲ್ಲೇ ಹೋಗಲಿ. ಗೌಪ್ಯ ಎಂಬುದು ಮಾತ್ರ ಶುದ್ಧ ಸುಳ್ಳು. ಸಹಕಾರ ಸಂಘಗಳು ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ನೇರವಾಗಿ ಬರುವುದಿಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ತಲಪ್ಪಾಲಂ ಪ್ರಕರಣದಲ್ಲಿ ಹೇಳಿತು, ಸಂಘದವರು ಅಷ್ಟನ್ನೇ ಬಾಯಿಪಾಠ ಮಾಡಿಕೊಂಡಿದ್ದಾರೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಸಂಘದಿಂದ ಕಾನೂನು ಪ್ರಕಾರ ನಿಬಂಧಕರು (ಸಂಘಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಅಧಿಕಾರಿ) ತರಿಸಿಕೊಳ್ಳಬಹುದಾದ ಮಾಹಿತಿಯನ್ನು ನಿಬಂಧಕರ ಕಚೇರಿಯಿಂದ ಕೇಳಬಹುದು. ಆದ್ದರಿಂದ ಸಂಘಕ್ಕಲ್ಲ, ಉಪ ನಿಬಂಧಕರ ಕಚೇರಿಗೆ ಅರ್ಜಿ ಹಾಕಿ. ಕಳೆದ ಐದು ವರ್ಷದ ಆಡಿಟ್ ವರದಿ ಮತ್ತು ಸಭಾ ನಡಾವಳಿ ಕೇಳಿ. ಭೂಮಿಗೆಂದು ಕೊಟ್ಟ ಮುಂಗಡ ಎಷ್ಟು, ಯಾರಿಗೆ, ವಸೂಲಾಗಿದೆಯೇ ಎಂದು ಲೆಕ್ಕ ಪರಿಶೋಧಕರು ಬರೆದೇ ಬರೆದಿರುತ್ತಾರೆ. ವ್ಯಾಜ್ಯದ ವಿಷಯವೂ ಅಲ್ಲಿ ಒಂದು ಸಾಲು ಬಂದಿರುತ್ತದೆ. ನನ್ನ ಕಾಲದಲ್ಲಿ ಆ ಷರಾ ಬರೆದು ಬರೆದು ನಮ್ಮ ಕೈ ಸೋತಿತ್ತು, ಓದುವವರು ಇರಲಿಲ್ಲ, ಆ ಮಾತು ಬಿಡಿ.

ಎರಡನೆಯದು, ನೀವೇ ಡೆವಲಪರ್ ಮೇಲೆ ಹೋಗಬಹುದೇ ಎಂದು ಕೇಳಿದಿರಿ. ಕರಾರು ಆಗಿರುವುದು ಸಂಘಕ್ಕೂ ಅವನಿಗೂ. ಅದರ ಮೇಲೆ ದಾವೆ ಹೂಡುವ ಹಕ್ಕು ಮೊದಲು ಸಂಘದ್ದು. ಸದಸ್ಯರಿಗೂ ಸಂಘಕ್ಕೂ ನಡುವಿನ ತಕರಾರು 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ನಿಬಂಧಕರ ಮುಂದೆ ಹೋಗುತ್ತದೆ. ಆದರೆ ಹೊರಗಿನವನಾದ ಡೆವಲಪರ್ ಆ ಕಲಮಿಗೆ ಸಿಗುವುದಿಲ್ಲ. ಅವನನ್ನು ಹಿಡಿಯಬೇಕಾದರೆ ಸಂಘವೇ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಇಲ್ಲಿಯೇ ಎಲ್ಲರೂ ಎಡವುವುದು. ಸದಸ್ಯರು ಸೈಟಿನ ಹತ್ತಿರ ಹೋಗಿ ಡೆವಲಪರ್ ಮೇಲೆ ಕೂಗಾಡುತ್ತಾರೆ, ಪೊಲೀಸರು "ಇದು ಸಿವಿಲ್ ವ್ಯಾಜ್ಯ" ಎಂದು ಕೈ ತೊಳೆದುಕೊಳ್ಳುತ್ತಾರೆ. ಸಂಘದ ಆಡಳಿತ ಮಂಡಳಿ ಕೂತಲ್ಲೇ ಕೂತಿರುತ್ತದೆ. ನೀವು ಕೈ ಹಾಕಬೇಕಾದ್ದು ಮಂಡಳಿಗೆ.

ವಿಶೇಷ ಸರ್ವಸದಸ್ಯರ ಸಭೆ ಕರೆಯಿರಿ ಎಂದು ಸದಸ್ಯರು ಬರೆದು ಕೋರಬಹುದು. ಎಷ್ಟು ಸಹಿ ಬೇಕೆಂದು ಬೈಲಾದಲ್ಲಿ ನೋಡಿಕೊಳ್ಳಿ. ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗ ಸೇರಿದರೆ 64ನೇ ಕಲಮಿನಡಿ ವಿಚಾರಣೆ ಕೇಳಬಹುದು, ಅಷ್ಟು ಜನ ಸಿಗದಿದ್ದರೂ ನಿಬಂಧಕರು ತಾವಾಗಿಯೇ ಆರಂಭಿಸಬಹುದು. ಅದರಲ್ಲಿ ಸಂಘಕ್ಕೆ ನಷ್ಟ ಮಾಡಿದ್ದು ರುಜುವಾತಾದರೆ 69ರ ಪ್ರಕಾರ ನಿರ್ದೇಶಕರಿಂದಲೇ ವಸೂಲಿ. ಈ 69 ಎಂಬ ಸಂಖ್ಯೆ ಹೇಳಿದರೆ ಎಂಥ ಅಧ್ಯಕ್ಷನೂ ಸೀದಾ ಕೂರುತ್ತಾನೆ, ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಮಂಡಳಿಯನ್ನು ವಜಾ ಮಾಡಿಸಿ ಆಡಳಿತಾಧಿಕಾರಿ ತರಿಸುವ ಆಸೆ ಬೇಡ. ನಾನೇ ಎರಡು ಸಂಘಕ್ಕೆ ಆಡಳಿತಾಧಿಕಾರಿಯಾಗಿದ್ದೆ. ಕಡತ ಓದಿ ಮುಗಿಸುವಷ್ಟರಲ್ಲಿ ವರ್ಗಾವಣೆ. ಮೂರು ವರ್ಷದ ಗಡುವು ಓಡುತ್ತಿರುವಾಗ ಅದು ಡೆವಲಪರ್‌ಗೆ ನೀವೇ ಕೊಟ್ಟ ಉಡುಗೊರೆ.

ಇನ್ನೊಂದು ಹಳೆಯ ಕಥೆ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಸಂಘಗಳಿಗೆಂದು ಸರ್ಕಾರವೇ ರೈತರ ಭೂಮಿಯನ್ನು ಸ್ವಾಧೀನ ಮಾಡಿ ಕೊಡುತ್ತಿತ್ತು. ಆಗಲೇ ಸಂಘಗಳು ಮಧ್ಯವರ್ತಿಗಳನ್ನು ಹಿಡಿದುಕೊಂಡಿದ್ದವು, ನಕಲಿ ಸದಸ್ಯರನ್ನು ತುಂಬಿಕೊಂಡಿದ್ದವು. ಜಿ.ವಿ.ಕೆ. ರಾವ್ ಅವರ ವಿಚಾರಣಾ ವರದಿಯಲ್ಲಿ ಈ ಹುಳುಕು ಬಂದಿತ್ತು. ಎಚ್‌ಎಂಟಿ ನೌಕರರ ಸಂಘದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನವನ್ನೇ ರದ್ದು ಮಾಡಿ, ಪಡೆದ ಪರಿಹಾರ ಹಿಂದಿರುಗಿಸಿದರೆ ಭೂಮಿ ರೈತರಿಗೆ ವಾಪಸ್ ಎಂದಿತು. 2012ರಲ್ಲಿ ಬೆಂಗಳೂರು ಸಿಟಿ ಕೋ ಆಪರೇಟಿವ್ ಹೌಸಿಂಗ್ ಸೊಸೈಟಿ ಪ್ರಕರಣದಲ್ಲೂ ಹೀಗೇ ಆಯಿತು. ಸರ್ಕಾರದ ಮುದ್ರೆ ಬಿದ್ದ ಭೂಮಿಯೇ ಮಧ್ಯವರ್ತಿಯ ಕಾರಣದಿಂದ ಕೈತಪ್ಪಿದೆ ಎಂದ ಮೇಲೆ, ಬರೀ ಕರಾರಿನ ಮೇಲೆ ನಿಂತವರು ಎಷ್ಟು ಹುಷಾರಾಗಿರಬೇಕು ಯೋಚಿಸಿ.

ಬ್ಯಾಂಕಿನ ಪ್ಯಾನೆಲ್ ವಕೀಲರ ಆಫೀಸಿನಲ್ಲಿ ದಾಖಲೆ ಓದುವವಳು

ಇಸಿ ತೆಗೆಸಿ ಅಂದಿದ್ದಾರೆ, ಒಪ್ಪಿದೆ. ಆದರೆ ಇಸಿ ಏನು ಹೇಳಲ್ಲ ಅನ್ನೋದೂ ಗೊತ್ತಿರಲಿ. ನೋಂದಣಿ ಆಗದ ಕರಾರು ಅದರಲ್ಲಿ ಇರಲ್ಲ. ಕೋರ್ಟ್ ಕೇಸು ಸಾಮಾನ್ಯವಾಗಿ ಇರಲ್ಲ. ಅದಕ್ಕೆ ಇ-ಕೋರ್ಟ್ಸ್ ತಾಣದಲ್ಲಿ ಡೆವಲಪರ್ ಹೆಸರು, ಸಂಘದ ಹೆಸರು, ಪಹಣಿಯಲ್ಲಿರೋ ರೈತರ ಹೆಸರು ಮೂರನ್ನೂ ಹಾಕಿ ಹುಡುಕಬೇಕು. ಪಹಣಿಯಲ್ಲಿ ಎಲ್ಲರೂ ಮಾಲೀಕರ ಹೆಸರಿರೋ 9ನೇ ಕಾಲಂ ನೋಡಿ ಮಡಚಿಡ್ತಾರೆ, ನನ್ನ ಕಣ್ಣು ಮೊದಲು ಹೋಗೋದು 11ಕ್ಕೆ. ಸಾಲ, ಸ್ವಾಧೀನದ ನಮೂದು, ಕೋರ್ಟಿನ ತಡೆಯಾಜ್ಞೆ ಎಲ್ಲ ಅಲ್ಲಿ ಕೂತಿರುತ್ತೆ. ಜಮೀನು ಹಿಂದೆ ಸರ್ಕಾರದಿಂದ ಮಂಜೂರಾದದ್ದಾ ಅಂತ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯೋ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ, 2023ರ ತಿದ್ದುಪಡಿ ಆದ ಮೇಲೆ ಜಮೀನು ವಾಪಸ್ ಕೇಳೋ ಅರ್ಜಿಗೆ ಕಾಲಮಿತಿಯೂ ಇಲ್ಲ. ಬಿ ಖರಾಬಿನ (ದಾರಿ, ಹಳ್ಳದಂಥ ಸಾರ್ವಜನಿಕ ಜಾಗ) ಮೇಲೆ ಸೈಟು ಬಿದ್ದಿದ್ದರೆ ಅದು ಸಂಘದ್ದೂ ಅಲ್ಲ ಡೆವಲಪರದ್ದೂ ಅಲ್ಲ, ಅದಕ್ಕಾಗಿ ಹೊಡೆದಾಡೋದೇ ದಂಡ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ತಾಣವನ್ನ ಮರೆಯಬೇಡಿ. 2017ರ ಮೇ 1ಕ್ಕೆ ಮುಗಿಯದೆ ಇದ್ದ ಯೋಜನೆಗಳೂ ನೋಂದಣಿ ಆಗಬೇಕಿತ್ತು. ಒಂದು ಕಡತದಲ್ಲಿ ನಾನು ನೋಡಿದ್ದು: ಸಂಘದ ಲೇಔಟಿನ ಅದೇ ಸರ್ವೆ ನಂಬರುಗಳು, ಹೊಸ ಹೆಸರು ಹೊತ್ತು, ಡೆವಲಪರ್ ಒಬ್ಬನೇ ಪ್ರವರ್ತಕ ಅಂತ ನೋಂದಣಿ ಆಗಿದ್ದವು. ಸಂಘದ ಜೊತೆ ಕರಾರು ಇರೋದನ್ನ ಎಲ್ಲೂ ಹೇಳಿರಲಿಲ್ಲ. ಅವನೇ ಅಪ್‌ಲೋಡ್ ಮಾಡಿದ ದಾಖಲೆಗಳು ಆಮೇಲೆ ಅವನ ವಿರುದ್ಧವೇ ಕೆಲಸಕ್ಕೆ ಬಂದವು. ಭೂಮಿಯ ಹಕ್ಕು ದೋಷದಿಂದ ನಷ್ಟವಾದರೆ ರೇರಾ ಕಾಯ್ದೆಯ 18ನೇ ಕಲಮಿನ ಎರಡನೇ ಉಪಕಲಮಿನಲ್ಲಿ ಪರಿಹಾರ ಕೇಳಬಹುದು, ಅದಕ್ಕೆ ಕಾಲಮಿತಿ ಅಡ್ಡ ಬರಲ್ಲ ಅಂತ ಕಾಯ್ದೆಯೇ ಬರೆದಿದೆ. ಜಮೀನನ್ನ ಲೇಔಟ್ ಮಾಡಿ ಸೈಟು ಮಾರೋ ಯಾರೇ ಆಗಲಿ ಅಲ್ಲಿ ಪ್ರವರ್ತಕರೇ, ಸಂಘವೂ ಸೇರಿ.

ಇನ್ನೊಂದು. ಮೂಲ ಕರಾರನ್ನ ಎಷ್ಟು ರೂಪಾಯಿ ಛಾಪಾ ಕಾಗದದ ಮೇಲೆ ಬರೆದಿದ್ದಾರೆ ನೋಡಿ. ಛಾಪಾ ಶುಲ್ಕ ಕಮ್ಮಿ ಬಿದ್ದಿದ್ದರೆ ನ್ಯಾಯಾಲಯ ಅದನ್ನ ಹಿಡಿದಿಟ್ಟುಕೊಂಡು ಹತ್ತು ಪಟ್ಟು ದಂಡದ ಮಾತಾಡುತ್ತೆ. ಕಟ್ಟೋವರೆಗೂ ಅದು ಸಾಕ್ಷ್ಯಕ್ಕೆ ಬರಲ್ಲ. ಎಷ್ಟೋ ಸಂಘಗಳು ಕೋರ್ಟ್ ಬಾಗಿಲಲ್ಲಿ ನಿಂತು ಬೆವರಿದ್ದು ಇಲ್ಲೇ.

ದುಡ್ಡು ವಾಪಸ್ ಪಡೆದು ಹೊರಬಿದ್ದವನು

ಎಲ್ಲರೂ ಹೋರಾಡಿ ಅಂತಿದ್ದಾರೆ, ನಾನು ಬೇರೆ ಮಾತು ಹೇಳ್ತೀನಿ. ಎಪ್ಪತ್ತನಾಲ್ಕು ವಯಸ್ಸಿನವರಿಗೆ ಸೈಟು ಬೇಕಾ, ನೆಮ್ಮದಿ ಬೇಕಾ? ನಾನು ಗ್ರಾಹಕರ ಆಯೋಗಕ್ಕೆ ಹೋದೆ. ಸಹಕಾರ ಕಾಯ್ದೆಯಲ್ಲಿ ಬೇರೆ ದಾರಿ ಇದೆ ಅನ್ನೋ ಕಾರಣಕ್ಕೆ ಗ್ರಾಹಕ ದೂರು ನಿಲ್ಲಲ್ಲ ಅಂತೇನಿಲ್ಲ, 2013ರಲ್ಲೇ ಸುಪ್ರೀಂ ಕೋರ್ಟ್ ಅದನ್ನ ಹೇಳಿಯಾಗಿದೆ. ಕಟ್ಟಿದ ದುಡ್ಡು, ಬಡ್ಡಿ, ಖರ್ಚು ಅಂತ ಆದೇಶ ಆಯ್ತು. ವಸೂಲಾಗೋಕೆ ಇನ್ನೂ ಎರಡು ವರ್ಷ ಓಡಾಡಿಸಿದರು, ಆದರೂ ಬಂತು. ಅದೇ ದುಡ್ಡಲ್ಲಿ ಇವತ್ತು ಆ ಲೇಔಟಿನಲ್ಲಿ ಕಾಲು ಸೈಟೂ ಬರಲ್ಲ, ಒಪ್ತೀನಿ. ಆದರೆ ರಾತ್ರಿ ನಿದ್ದೆ ಬರುತ್ತೆ.

ಹನ್ನೊಂದು ವರ್ಷದ ಸದಸ್ಯ

ನಿದ್ದೆ ಬಂದಿದ್ದು ಸಂತೋಷ ಸ್ವಾಮಿ. ಆದರೆ ಸಂಘದ ಖಾತೆಯಲ್ಲಿ ದುಡ್ಡಿದ್ದಾಗ ಮೊದಲು ಹೋದ ನಾಲ್ಕು ಜನಕ್ಕೆ ಅದು ಸಿಗುತ್ತೆ. ನಮ್ಮಲ್ಲಿ ಐನೂರು ಜನ ಒಟ್ಟಿಗೆ ವಾಪಸ್ ಕೇಳಿದಾಗ ಖಾತೆಯಲ್ಲಿ ಹದಿನೇಳು ಸಾವಿರ ಇತ್ತು. ಹಣ ಡೆವಲಪರ್ ಹತ್ತಿರ, ಅವನ ಹತ್ತಿರ ಭೂಮಿ. ಭೂಮಿ ಬಿಟ್ಟರೆ ಹಣಕ್ಕೂ ಆಧಾರ ಇರಲ್ಲ.

ಆಚೆ ಕಡೆಯವಳು

ಇಷ್ಟೂ ಜನ ರೈತರು ರೈತರು ಅಂತೀರಲ್ಲ, ನಾನು ಅಂಥ ಒಂದು ಮನೆಯ ಮಗಳು. 2012ರಲ್ಲಿ ನಮ್ಮಪ್ಪ ಎರಡು ಎಕರೆ ಚಿಲ್ಲರೆ ಜಮೀನಿಗೆ ಡೆವಲಪರ್‌ಗೆ ಕರಾರು, ಜಿಪಿಎ ಬರಕೊಟ್ಟರು. ಮುಂಗಡ ಅಂತ ಒಂದಷ್ಟು ಬಂತು, ಬಾಕಿ ಲೇಔಟ್ ಆದ ಮೇಲೆ ಅಂದರು. ನನ್ನ ಸಹಿ ಕೇಳಲಿಲ್ಲ, ಅಕ್ಕನ ಸಹಿನೂ ಕೇಳಲಿಲ್ಲ, ಮದುವೆ ಆಗಿ ಹೋದವರು ಅಂತ. ಪಿತ್ರಾರ್ಜಿತ ಜಮೀನು ಅದು. ಕರ್ನಾಟಕದಲ್ಲಿ 1994ರಿಂದಲೇ, ಆಗ ಮದುವೆ ಆಗಿರದ ಹೆಣ್ಣುಮಕ್ಕಳಿಗೂ ಪಾಲಿತ್ತು, 2005ರ ತಿದ್ದುಪಡಿ ಬಂತು, 2020ರಲ್ಲಿ ವಿನೀತಾ ಶರ್ಮಾ ತೀರ್ಪಿನಲ್ಲಿ ಮಗಳು ಹುಟ್ಟಿನಿಂದಲೇ ಹಕ್ಕುದಾರಳು ಅಂತ ಆಯ್ತು. ನಾವು ಪಾಲಿನ ದಾವೆ ಹಾಕಿದೆವು.

2018ರಲ್ಲಿ ಅಪ್ಪ ತೀರಿಕೊಂಡರು. ಜಿಪಿಎ ಕೊಟ್ಟವರೇ ಹೋದ ಮೇಲೆ ಜಿಪಿಎ ಮುಗೀತು ಅಂತ ನಮ್ಮ ವಕೀಲರು. ಹಣ ಕೊಟ್ಟು ಹಿತಾಸಕ್ತಿ ಪಡೆದ ಜಿಪಿಎ ಹಾಗೆಲ್ಲ ಮುಗಿಯಲ್ಲ ಅಂತ ಅವರ ವಕೀಲರು. ಇದರ ಮೇಲೆಯೇ ವರ್ಷಗಟ್ಟಲೆ ಹೋಯ್ತು.

ನನಗೆ ಆಶ್ಚರ್ಯ ಆಗಿದ್ದು ಏನು ಗೊತ್ತಾ? ಈ ಜಮೀನಿನ ಮೇಲೆ ಆಸೆ ಇಟ್ಟುಕೊಂಡು ಅಷ್ಟೊಂದು ಜನ ಸಂಬಳದವರು ದುಡ್ಡು ಕಟ್ಟಿದ್ದಾರೆ ಅನ್ನೋದೇ ನಮಗೆ ಗೊತ್ತಿರಲಿಲ್ಲ. ಡೆವಲಪರ್ ಸಂಘಕ್ಕೆ "ರೈತರು ತಕರಾರು ಮಾಡ್ತಿದ್ದಾರೆ" ಅಂತ ಹೇಳ್ತಿದ್ದ, ನಮಗೆ "ಸಂಘದಿಂದ ದುಡ್ಡು ಬಂದಿಲ್ಲ" ಅಂತಿದ್ದ. ಹೊಸದಾಗಿ ಆರಿಸಿಬಂದ ನಿರ್ದೇಶಕರು ಇಬ್ಬರು ಒಂದು ದಿನ ಮನೆ ಬಾಗಿಲಿಗೆ ಬಂದು, "ಅಮ್ಮ, ನಿಮಗೆ ಎಷ್ಟು ಬಾಕಿ ಇದೆ?" ಅಂತ ಕೇಳಿದರು. ಹತ್ತು ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಅವರೇ ಮೊದಲು. ಬಾಕಿ ನಮ್ಮ ಖಾತೆಗೆ ನೇರ ಹಾಕಿ, ಅಣ್ಣ ಅಕ್ಕ ನಾನು ಅಮ್ಮ ಎಲ್ಲರೂ ಸಹಿ ಹಾಕಿ, ಕೋರ್ಟಿನಲ್ಲಿ ರಾಜಿ ಮಾಡಿಕೊಂಡು ಸಂಘದ ಹೆಸರಿಗೇ ಕ್ರಯ ಮಾಡಿಕೊಟ್ಟೆವು. ನಿಮ್ಮ ಲೇಔಟಿನಲ್ಲೂ ರೈತರ ಹೆಸರಲ್ಲಿ ಉಳಿದಿರೋ ನಂಬರು ಇದ್ದರೆ ಹೋಗಿ ಮಾತಾಡಿಸಿ. ವಂಶವೃಕ್ಷ ಕೇಳಿ ತಗೊಳ್ಳಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಇದೆಯಾ ನೋಡಿ.

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗ

ನಮ್ಮಲ್ಲಿ ಕಥೆ ತಿರುಗುಮುರುಗು. ಇಲ್ಲಿ ಕಟ್ಟಡ ಮೊದಲು, ಸೊಸೈಟಿ ಆಮೇಲೆ. ಫ್ಲ್ಯಾಟ್ ಕೊಂಡವರೆಲ್ಲ ಸೇರಿ ಸೊಸೈಟಿ ಮಾಡಿಕೊಂಡರೂ ಕೆಳಗಿನ ಭೂಮಿ ಬಿಲ್ಡರ್ ಹೆಸರಲ್ಲೇ ಉಳಿದಿರುತ್ತದೆ. ನಮ್ಮ ಕಟ್ಟಡ 1987ರದ್ದು. ಭೂಮಿಯನ್ನು ಸೊಸೈಟಿಗೆ ಬರೆದುಕೊಡಬೇಕಾದವರು ಮೂವತ್ತು ವರ್ಷ "ಮಾಡುವಾ, ಮಾಡುವಾ" ಅಂದರು. ಮಾಡಿದ್ದರೆ ಮುಂದೆ ಕಟ್ಟಡ ಕೆಡವಿ ಕಟ್ಟುವಾಗ ಸಿಗುವ ಹೆಚ್ಚುವರಿ ಎಫ್‌ಎಸ್‌ಐ (ಆ ಜಾಗದಲ್ಲಿ ಎಷ್ಟು ಕಟ್ಟಬಹುದು ಎಂಬ ಮಿತಿ) ಸೊಸೈಟಿಯ ಪಾಲಾಗುತ್ತಿತ್ತು, ಅದು ಅವರಿಗೆ ಬೇಕಿರಲಿಲ್ಲ.

ಫ್ಲ್ಯಾಟ್ ಮಾರಾಟಕ್ಕೆ ಸಂಬಂಧಿಸಿದ ಮಹಾರಾಷ್ಟ್ರದ 1963ರ ಮೋಫಾ ಕಾಯ್ದೆಗೆ 2008ರಲ್ಲಿ ತಿದ್ದುಪಡಿ ಬಂದು, ಬಿಲ್ಡರ್ ಸಹಿ ಇಲ್ಲದೆಯೂ ಭೂಮಿ ಸೊಸೈಟಿ ಹೆಸರಿಗೆ ಆಗುವ ದಾರಿ ತೆರೆಯಿತು. ಡೀಮ್ಡ್ ಕನ್ವೇಯನ್ಸ್ ಎನ್ನುತ್ತೇವೆ. ಜಿಲ್ಲಾ ಉಪ ನಿಬಂಧಕರ ಮುಂದೆ ಅರ್ಜಿ, ಎರಡೂ ಕಡೆ ವಿಚಾರಣೆ, ಆದೇಶ, ನೋಂದಣಿ, ಕಡೆಗೆ ಪ್ರಾಪರ್ಟಿ ಕಾರ್ಡಿನಲ್ಲಿ ಸೊಸೈಟಿ ಹೆಸರು. ನಮ್ಮ ಬಿಲ್ಡರ್ ವಿಚಾರಣೆಗೆ ಬಂದು "ಪಾರ್ಕಿಂಗ್ ಜಾಗ ನನ್ನದು, ಬೇರೆ ಮಾರುತ್ತೇನೆ" ಎಂದೂ ವಾದಿಸಿದ. ಕಂಬಗಳ ನಡುವಿನ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ನಹಾಲ್‌ಚಂದ್ ಪ್ರಕರಣದಲ್ಲಿ ಹೇಳಿದ್ದು ನಮ್ಮ ವಕೀಲರ ಚೀಲದಲ್ಲೇ ಇತ್ತು ಮಾರಾಯ್ರೇ.

ಸೈಟಿನ ಸಂಘಕ್ಕೆ ಈ ದಾರಿ ಆಗುವುದಿಲ್ಲ, ಗೊತ್ತು. ಹೇಳಿದ್ದು ಯಾಕೆಂದರೆ ನಮ್ಮಲ್ಲಿಯೂ ಮೂವತ್ತು ವರ್ಷ ದಂಡವಾದದ್ದು ಕೋರ್ಟಿನಲ್ಲಿ ಅಲ್ಲ. ಬಿಲ್ಡರ್ ಒಳ್ಳೆಯವನು, ಹಬ್ಬಕ್ಕೆ ಸಿಹಿ ಕಳಿಸುತ್ತಾನೆ ಎಂದು ಕಮಿಟಿಯವರು ಸುಮ್ಮನಿದ್ದದ್ದರಲ್ಲಿ.

ಸಹಕಾರ ಇಲಾಖೆಯವರು

ಒಂದು ಮಾತು ಬಿಟ್ಟುಹೋಗಿತ್ತು. ಡೆವಲಪರ್ ಹೇಳುತ್ತಿರುವುದು "ಸಂಘ ಸಕಾಲಕ್ಕೆ ಹಣ ಕೊಡಲಿಲ್ಲ" ಎಂದಲ್ಲವೇ? ಕರಾರು ಜಾರಿ ಕೇಳುವವರು ತಾವು ಹಣ ಕೊಡಲು ಮೊದಲಿನಿಂದಲೂ ಸಿದ್ಧರಿದ್ದೆವು ಎಂದು ತೋರಿಸಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ 16ನೇ ಕಲಮು. ಆದ್ದರಿಂದ ಸದಸ್ಯರ ರಸೀದಿಗಳು, ಸಂಘದ ಬ್ಯಾಂಕ್ ಖಾತೆಯ ಪ್ರತಿ, ಡೆವಲಪರ್‌ಗೆ ಹೋದ ಚೆಕ್ಕುಗಳ ವಿವರ ಒಟ್ಟು ಮಾಡಿ. ದಾವೆಯ ನ್ಯಾಯಾಲಯ ಶುಲ್ಕ ಕರಾರಿನ ಮೊತ್ತದ ಮೇಲೆ ಬೀಳುತ್ತದೆ, ಸಣ್ಣದಲ್ಲ. ಮಂಡಳಿ ಹಿಂಜರಿಯುತ್ತಿರುವುದಕ್ಕೆ ಅದೂ ಕಾರಣ ಇರಬಹುದು, ಎಲ್ಲರೂ ಕಳ್ಳರಲ್ಲ. ಸಭೆಯಲ್ಲಿ ತಲೆಗಿಷ್ಟು ಎಂದು ವಂತಿಗೆ ನಿರ್ಣಯ ಮಾಡಿಬಿಡಿ. ದಾವೆ ಬಿದ್ದ ಮೇಲೆ ಕೊಳ್ಳುವವರು ಆ ತೀರ್ಪಿಗೆ ಬದ್ಧರು, ಆದರೆ ಅದಕ್ಕೂ ಮೊದಲೇ ವಿಷಯ ತಿಳಿಯದೆ ಹಣ ಕೊಟ್ಟು ಕೊಂಡವರನ್ನು ಎಬ್ಬಿಸುವುದು ಕಷ್ಟ. ಹಾಗಾಗಿ ದಾವೆಯ ಜೊತೆಗೇ ತಡೆಯಾಜ್ಞೆ ಅರ್ಜಿ.

ಪ್ರಶ್ನೆ ಕೇಳಿದವರು, ಏಳು ವಾರಗಳ ನಂತರ

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ. ಆಗಿದ್ದಷ್ಟು ಬರೀತೀನಿ.

ಹದಿನಾಲ್ಕು ಸರ್ವೆ ನಂಬರಿಗೂ ಇಸಿ, ಪಹಣಿ ತೆಗೆಸಿದೆ. ನಾಲ್ಕು ಸಂಘದ ಹೆಸರಲ್ಲಿವೆ (ಇದು ನಮ್ಮ ನಿರ್ದೇಶಕರಲ್ಲೇ ಇಬ್ಬರಿಗೆ ಗೊತ್ತಿರಲಿಲ್ಲ). ಎಂಟು ಡೆವಲಪರ್ ಹೆಸರಲ್ಲಿ, ಎರಡು ರೈತರ ಹೆಸರಲ್ಲಿ. ಹೊರಗಿನವರಿಗೆ ಮಾರಿರೋ ಸೈಟುಗಳೆಲ್ಲ ಡೆವಲಪರ್ ಹೆಸರಿನ ಮೂರು ನಂಬರಿನಲ್ಲೇ ಇವೆ, ಉಳಿದ ಐದು ಖಾಲಿ. ರೇರಾದಲ್ಲಿ ಥೇಟ್ ನೀವು ಹೇಳಿದ ಹಾಗೇ, ಬೇರೆ ಹೆಸರಲ್ಲಿ ನೋಂದಣಿ ಆಗಿದೆ. ಎರಡು ರೈತ ಕುಟುಂಬದಲ್ಲಿ ಒಂದನ್ನು ನಾನು, ಇನ್ನೊಬ್ಬ ಸದಸ್ಯರು ಹೋಗಿ ಮಾತಾಡಿಸಿದೆವು. ಅವರಿಗೂ ಬಾಕಿ ಬಂದಿಲ್ಲ. ಮನೆಯಲ್ಲಿ ಐದು ಜನ ಹೆಣ್ಣುಮಕ್ಕಳು, ಯಾರ ಸಹಿಯೂ ಆಗಿಲ್ಲ.

ಉಪ ನಿಬಂಧಕರ ಕಚೇರಿಯಿಂದ ಆಡಿಟ್ ವರದಿ ಸಿಕ್ಕಿತು. ನೋಟಿಸಿನ ತಾರೀಕು ಅದರಲ್ಲೇ ಇತ್ತು. ಕರಾರಿನಲ್ಲಿ ಕ್ರಯಕ್ಕೆ ದಿನ ಗೊತ್ತು ಮಾಡಿಲ್ಲ, "ಪರಿವರ್ತನೆ ಮತ್ತು ನಕ್ಷೆ ಮಂಜೂರಾತಿ ಆದ ಮೇಲೆ" ಅಂತ ಇದೆ. ಹಾಗಾಗಿ ನೋಟಿಸ್ ತಲುಪಿದ ದಿನದಿಂದಲೇ ಮೂರು ವರ್ಷ ಎಣಿಸಿ, ಅದು ತುಂಬೋ ಮೊದಲೇ ದಾವೆ ಹಾಕಿ ಅಂದರು ವಕೀಲರು. ಮೂರು ವರ್ಷ ತುಂಬೋಕೆ ಇನ್ನು ನಾಲ್ಕು ತಿಂಗಳು ಹನ್ನೊಂದು ದಿನ ಇದೆ. ಇದನ್ನ ಕಾಗದದಲ್ಲಿ ಬರೆದು ಅಪ್ಪನ ಸಹಿಯಲ್ಲಿ ಒಬ್ಬೊಬ್ಬ ನಿರ್ದೇಶಕರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು, 69ನೇ ಕಲಮನ್ನೂ ಒಂದು ಸಾಲಿನಲ್ಲಿ ಸೇರಿಸಿ. ಅಧ್ಯಕ್ಷರು ಮಾರನೇ ವಾರವೇ ಫೋನ್ ಮಾಡಿದರು. ವಿಶೇಷ ಸಭೆಗೆ ನೋಟಿಸ್ ಹೊರಟಿದೆ, ಮುಂದಿನ ಭಾನುವಾರ. ದಾವೆ ಹೂಡೋದು, ಶುಲ್ಕಕ್ಕೆ ವಂತಿಗೆ, ರೈತರ ಬಾಕಿ ನೇರವಾಗಿ ಕೊಡೋದು, ಮೂರೂ ವಿಷಯ ಕಾರ್ಯಸೂಚಿಯಲ್ಲಿವೆ.

ಇಂಥ ನಿರ್ಣಯ ಹೇಗೆ ಬರೆದರೆ ಕೋರ್ಟಿನಲ್ಲಿ ಆಕ್ಷೇಪ ಬರಲ್ಲ ಅಂತ ಗೊತ್ತಿದ್ದವರು ಮಾದರಿ ಕೊಟ್ಟರೆ ಉಪಕಾರ. ಸಭೆಗೆ ನಾನೇ ಹೋಗಿ ಬರ್ತೀನಿ ಅಂದರೆ ಅಪ್ಪ ಕೇಳುತ್ತಿಲ್ಲ. "ನೀನು ಹೊರಗೆ ಕಾರಲ್ಲಿ ಕೂತಿರು, ಕೈ ಎತ್ತಬೇಕಾದವನು ನಾನು" ಅಂತಾರೆ.